ದಿಬ್ಬದ ಮೇಲಿನವನು ಕರೆದದ್ದು

ಬೈಕು ಮತ್ತೆ ಕೈಕೊಟ್ಟಿತು. ಮುಂದಿನ ಚಕ್ರ ಮರಳಿನಲ್ಲಿ ಹೂತು ಹ್ಯಾಂಡಲ್ ಪಕ್ಕಕ್ಕೆ ತಿರುಗಿತು. ಗಿರಿಜಾ ಮಹೀ ನದಿಯ ಕೊರಕಲಿನಲ್ಲಿ ಬೋರಲಾಗಿ ಬಿದ್ದಳು. ಹಲ್ಲಿನ ಸಂದಿಯಲ್ಲೆಲ್ಲ ಮಣ್ಣು. ಎದ್ದು ಕೂರುವಷ್ಟರಲ್ಲಿ ದಿಬ್ಬದ ಮೇಲಿಂದ ಅದೇ ದನಿ ಕೇಳಿಸಿತು.

“ಬಾ! ಬಾ!”

ಕೆಂಪು ಹೆಲ್ಮೆಟ್ಟಿನವನು.

“ಬಂದೆ, ಬಂದೆ!” ಎಂದು ಗಿರಿಜಾ ಕೂಗಿದಳು. ಅವನು ಕೂಡಲೇ ಎಂಜಿನ್ ಆರಿಸಿ ಕಾದು ನಿಂತ. ಪ್ರತಿ ಸಲವೂ ಹೀಗೆಯೇ. ವಡೋದರಾದ ಹೊರಗೆ, ಇಂಥ ಬೆಂಗಾಡಿನಲ್ಲಿ, ಕನ್ನಡದಲ್ಲಿ ಕರೆಯುವ ಮನುಷ್ಯ! ಅವನು ಯಾರು, ಯಾವ ಊರಿನವನು ಎಂದು ಯೋಚಿಸಿ ಯೋಚಿಸಿ ಅವಳಿಗೆ ವಾರವಿಡೀ ತಲೆ ಕೆಟ್ಟುಹೋಗುತ್ತಿತ್ತು.

ಧಾರವಾಡದ ಗಿರಿಜಾ ಬ್ಯಾಂಕಿನ ವರ್ಗಾವಣೆಯ ಮೇಲೆ ವಡೋದರಾದ ಅಲ್ಕಾಪುರಿಯ ಶಾಖೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೌಂಟರಿನಲ್ಲಿ ಅವಳು ಗಿರಿಜಾಬೆನ್, ಫೋನಿನಲ್ಲಿ ಮೇಡಂ. ಮನೆಗೆ ಬಂದರೆ ಅದೂ ಇಲ್ಲ. ಮಕ್ಕಳಾಗಲಿಲ್ಲ. ಗಂಡ ಚಂದ್ರಶೇಖರ ತೀರಿಕೊಂಡ ಮೇಲೆ ಅವಳನ್ನು ಏಕವಚನದಲ್ಲಿ ಕರೆಯುವ ಜೀವವೇ ಉಳಿದಿರಲಿಲ್ಲ. ಭಾನುವಾರ ಬಂತೆಂದರೆ ಹೆದರಿಕೆ. ಹಾಲಿನವನ ಹತ್ತಿರ ಅರೆಬರೆ ಹಿಂದಿಯಲ್ಲಿ ಒಂದು ಮಾತಾಡಿದರೆ ಆ ದಿನದ ಮಾತು ಮುಗಿಯಿತು. ಕಾಯಿಪಲ್ಲೆ ಹೆಚ್ಚುವಾಗ ತನ್ನಷ್ಟಕ್ಕೆ ಏನೋ ಅಂದುಕೊಂಡು, ತನ್ನ ದನಿಗೆ ತಾನೇ ಬೆಚ್ಚಿಬಿದ್ದದ್ದೂ ಉಂಟು.

ಆಗ ಅಂಟಿಕೊಂಡದ್ದು ಈ ಹುಚ್ಚು. ಪ್ರತಿ ಭಾನುವಾರ ಕಚ್ಚಾ ದಾರಿಯಲ್ಲಿ ಬೈಕು ಓಡಿಸಲು ಕಲಿಯಿರಿ, ವಯಸ್ಸಿನ ನಿರ್ಬಂಧವಿಲ್ಲ ಎಂಬ ಪೋಸ್ಟರ್ ಚಹಾ ಅಂಗಡಿಯ ಗೋಡೆಯ ಮೇಲಿತ್ತು. ಹಳ್ಳಿಯ ಶಾಖೆಗಳಲ್ಲಿದ್ದಾಗ ಕೆಸರಿನಲ್ಲಿ ಮೊಪೆಡ್ ಓಡಿಸಿದ ಧೈರ್ಯ ಒಂದಿಷ್ಟು ಉಳಿದಿತ್ತು. ಹೆಲ್ಮೆಟ್ ಹಿಡಿದು ಬಂದ ಬೆಳ್ಳಿಕೂದಲಿನ ಹೆಂಗಸನ್ನು ಕಂಡ ತರಬೇತುದಾರ ಭುವನ್, ಮಗನನ್ನು ಬಿಡಲು ಬಂದಿದ್ದಾರೆ ಎಂದೇ ತಿಳಿದಿದ್ದ.

ಮೊದಲ ದಿನವೇ ಬಿದ್ದು ಮೊಣಕೈ ತರಚಿತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಹೊರಟವಳನ್ನು ತಡೆದದ್ದು ಮೇಲಿನಿಂದ ಬಂದ ಆ ‘ಬಾ’. ಧಾರವಾಡದಲ್ಲಾದರೆ ಅವಳಂಥ ಹಿರಿಯರಿಗೆ ‘ಬರ್ರಿ’ ಎನ್ನಬೇಕು. ಇವನದು ನೇರ ಏಕವಚನ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೈಕು ಎತ್ತಿ ಮತ್ತೆ ಹತ್ತಿದಳು.

ಹತ್ತಿರ ಹೋಗಿ ಮಾತಾಡಿಸೋಣವೆಂದರೆ ಆಸಾಮಿ ಸಿಗುತ್ತಿರಲಿಲ್ಲ. ಹೊಸಬರೆಲ್ಲ ಕೆಳಗೆ ಮರಳಿನಲ್ಲಿ ಒದ್ದಾಡುವಾಗ ಪಳಗಿದ ಸವಾರನಾದ ಅವನು ಮೇಲಿರುತ್ತಿದ್ದ. ಎಲ್ಲ ಮುಗಿದದ್ದೇ ತಡ, ಹೆಲ್ಮೆಟ್ ಕೂಡ ತೆಗೆಯದೆ ಅಲ್ಲಿಂದಲೇ ಹೊರಟುಬಿಡುತ್ತಿದ್ದ. ಒಮ್ಮೆ ತಡೆಯಲಾರದೆ ಭುವನನನ್ನು ಹಿಂದಿಯಲ್ಲಿ ಕೇಳಿದಳು.

“ಅವರು ನನ್ನೊಬ್ಬಳನ್ನೇ ಯಾಕೆ ಕರೀತಾರೆ?”

ಭುವನ್ ನಕ್ಕ. “ನಿಮ್ಮನ್ನ ನೋಡಿದ್ರೆ ಅವನಿಗೆ ಮನೆ ನೆನಪಾಗುತ್ತಂತೆ.”

ಅಷ್ಟು ಸಾಕಾಗಿತ್ತು. ಮನೆ ಎಂದರೆ ಇನ್ನೆಲ್ಲಿ! ಹುಬ್ಬಳ್ಳಿಯೋ ಗದಗೋ ಇರಬೇಕು. ಹೆಚ್ಚಿಗೆ ಕೇಳಲಿಲ್ಲ. ಉಳಿದದ್ದೆಲ್ಲ ಅವನ ಬಾಯಿಂದಲೇ, ಕನ್ನಡದಲ್ಲೇ ಕೇಳಬೇಕೆಂಬ ಹಟ.

ಇವತ್ತು ಕೊನೆಯ ತರಬೇತಿ. ಮಳೆ ಹಿಡಿದರೆ ಕೊರಕಲಿನೊಳಗೆ ಕಾಲಿಡುವಂತಿಲ್ಲ, ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗಿನ ಭಾನುವಾರಗಳನ್ನು ಗಿರಿಜಾ ಬೆರಳು ಮಡಚಿ ಎಣಿಸಿದಳು. ಆ ಮನುಷ್ಯನನ್ನು ಇವತ್ತೇ ಹಿಡಿಯಬೇಕು. ಹಿಡಿಯಬೇಕಾದರೆ ದಿಬ್ಬ ಹತ್ತಲೇಬೇಕು.

ಬೈಕು ಎತ್ತಿದಳು. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತಳು. ಚಕ್ರ ನೋಡಬೇಡಿ, ದೂರ ನೋಡಿ ಎಂದು ಭುವನ್ ಹೇಳಿ ಹೇಳಿ ಸೋತಿದ್ದ. ಇವತ್ತು ಕೆಂಪು ಹೆಲ್ಮೆಟ್ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮರಳು ಚಿಮ್ಮಿತು. ಹಿಂದಿನ ಚಕ್ರ ಅತ್ತಿತ್ತ ಜಾರಿತು. ಕೈ ಆಕ್ಸಿಲರೇಟರ್ ಬಿಡಲಿಲ್ಲ. ಒಂದು ಉಬ್ಬು, ಇನ್ನೊಂದು, ಆಮೇಲೆ ಸಪಾಟು ನೆಲ. ಹತ್ತಿಬಿಟ್ಟಿದ್ದಳು.

ಹೆಲ್ಮೆಟ್ ಕಿತ್ತವಳೇ ವರ್ಷದ ಮಾತನ್ನೆಲ್ಲ ಸುರಿದಳು.

“ಯಾವೂರಾಂವೋ ಯಪ್ಪಾ ನೀ? ನಮ್ಮ ಕಡೀಯಾಂವ ಏನು? ಕನ್ನಡಾ ಕೇಳಿ ಎಷ್ಟ್ ದಿನಾ ಆಗಿತ್ತು ಅಂತೀ! ಮನ್ಯಾಗ ಗ್ವಾಡೀ ಜೋಡಿ ಮಾತಾಡಿ ಸಾಕಾಗಿತ್ತು ನೋಡಪಾ. ನೀ ಒಬ್ಬಾಂವ ಕರದೀ ಅಂತ ಈ ಗುಡ್ಡಾ ಏರಿ ಬಂದೆ.”

ಅವನೂ ಹೆಲ್ಮೆಟ್ ತೆಗೆದ. ಮೂವತ್ತು ದಾಟಿದ, ಗಡ್ಡದ ತುಂಬ ಧೂಳು ಹಿಡಿದ ಮುಖ. ನಡುವೆ ಬಾಯಿ ಹಾಕದೆ, ಅವಳು ಮುಗಿಸುವವರೆಗೂ ಕೇಳಿದ. ಆಮೇಲೆ ಸಂಕೋಚದಿಂದ ಹಿಂದಿಯಲ್ಲಿ ಹೇಳಿದ.

“ಬೇಜಾರು ಮಾಡ್ಕೋಬೇಡಿ. ನಿಮ್ಮ ಭಾಷೆ ನನಗೆ ಒಂದಕ್ಷರವೂ ಬರೋದಿಲ್ಲ. ನನ್ನ ಹೆಸರು ಧವಲ್. ಇಲ್ಲೇ, ಈ ದಡದ ಹಳ್ಳಿಯವನು.”

ಇಷ್ಟು ಬಿದ್ದು, ಇಷ್ಟು ಹತ್ತಿ, ಕೊನೆಗೂ ಗೋಡೆಯೊಡನೆಯೇ ಮಾತಾಡಿದಂತಾಯಿತಲ್ಲ ಎಂದು ಗಿರಿಜಾಗೆ ಅಳು ಬಂತು. ನುಂಗಿಕೊಂಡು ಹಿಂದಿಯಲ್ಲಿ ಕೇಳಿದಳು.

“ಮತ್ತೆ ನಾನು ‘ಬಂದೆ, ಬಂದೆ’ ಅಂದಾಗ ಕಾಯ್ತಾ ಇದ್ರಲ್ಲ?”

“ಬಂದ್ ಮಾಡು ಅಂತಿದ್ದೀರಿ ಅಂದ್ಕೊಂಡೆ. ಎಂಜಿನ್ ಶಬ್ದ ನಿಮಗೆ ಆಗೋದಿಲ್ಲವೇನೋ ಅಂತ ಆರಿಸ್ತಿದ್ದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹಾಗಾದ್ರೆ ನನ್ನನ್ನ ‘ಬಾ, ಬಾ’ ಅಂತ ಕರೀತಿದ್ದದ್ದು?”

ಧವಲ್ ತಲೆ ತಗ್ಗಿಸಿದ. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ನಿಮ್ಮನ್ನ ಕೇಳದೆ ಹಾಗೆ ಕರೆದದ್ದು ತಪ್ಪಿದ್ರೆ ಕ್ಷಮಿಸಿ. ಹೋದ ವರ್ಷದವರೆಗೂ ಮನೆಯಲ್ಲಿ ಕರೀತಿದ್ದೆ. ಈಗ ಕರೆಯೋಕೆ ಯಾರೂ ಇಲ್ಲ.”

ಆಮೇಲೆ ತಲೆ ಎತ್ತಿ ಹೇಳಿದ. “ನಮ್ಮ ಗುಜರಾತಿಯಲ್ಲಿ ‘ಬಾ’ ಅಂದ್ರೆ ಅಮ್ಮ.”