ಯಜಮಾನರಿಗೊಂದು ಪಿಸ್ತೂಲು

ಆ ಅಜ್ಜಿ ಗಂಡನನ್ನು ಮುಗಿಸಲು ಹೊರಟಿದ್ದಾಳೆ ಎಂಬ ಅನುಮಾನ ವೆಂಡೆಲ್ ಸ್ಟ್ರೌಪ್‌ಗೆ ಬಂದದ್ದು, ಆಕೆ ಮೂರನೆಯ ಪಿಸ್ತೂಲನ್ನು ಕಾಗದದ ಮೇಲೆ ಮಲಗಿಸಿದಾಗ.

ಮಾಂಸ ಸುತ್ತಿಕೊಡುವ ಕಂದು ಕಾಗದ ಅದು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಪಿಸ್ತೂಲಿನ ಹೊರಗೆರೆ ಎಳೆದಿತ್ತು. ವೆಂಡೆಲ್ ತನ್ನ ಅಂಗಡಿಯ ಗಾಜಿನ ಕಪಾಟಿನಿಂದ ತೆಗೆದುಕೊಟ್ಟದ್ದನ್ನೆಲ್ಲ ಆಕೆ ಅದರ ಮೇಲಿಟ್ಟು, ದರ್ಜಿಯಂತೆ ತಲೆ ಓರೆ ಮಾಡಿ ನೋಡುತ್ತಿದ್ದಳು.

"ಗಿಡ್ಡ ಆಯ್ತು."

"ಅಮ್ಮಾ, ಕೈಚೀಲಕ್ಕೆ ಗಿಡ್ಡದ್ದೇ ಸರಿ. ಹೆಂಗಸರೆಲ್ಲ ಇದನ್ನೇ ಒಯ್ಯೋದು."

"ಪೂರ್ತಿ ಅಳತೇದೇ ಬೇಕು ಮಗಾ. ನಮ್ಮೆಜಮಾನ್ರ ಕೈ ದೊಡ್ಡದು. ಗಿಡ್ಡದಾದ್ರೆ ಎಲ್ರಿಗೂ ಗೊತ್ತಾಗ್ಬಿಡುತ್ತೆ."

ಏನು ಗೊತ್ತಾಗುತ್ತದೆ ಎಂದು ವೆಂಡೆಲ್ ಕೇಳಲಿಲ್ಲ. ಮಿಸೌರಿಯ ಈ ಗುಡ್ಡಗಾಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಂದೂಕು ಮಾರುತ್ತಿದ್ದ ಅವನು ಗಿರಾಕಿಗಳ ಉಸಾಬರಿಗೆ ಹೋಗುವವನಲ್ಲ. ಆದರೆ ಆಕೆಯ ಹೆಸರು ಆರ್ಡಿತ್ ಕಿಂಬ್ರೊ, ಊರು ನಲವತ್ತು ಮೈಲಿ ಆಚೆಯದು ಎಂದು ಆಕೆ ಕೊಟ್ಟಿದ್ದ ಗುರುತಿನ ಚೀಟಿ ಹೇಳುತ್ತಿತ್ತು. ಆ ಊರಿನಲ್ಲೇ ಎರಡು ಬಂದೂಕಿನಂಗಡಿಗಳಿದ್ದವು.

"ಅಲ್ಲೇ ತಗೋಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?"

"ಅಲ್ಲಿ ಎಲ್ರಿಗೂ ನಮ್ಮೆಜಮಾನ್ರು ಗೊತ್ತು. ಸುದ್ದಿ ಅವರಣ್ಣನ ಕಿವಿಗೆ ಬಿತ್ತು ಅಂದ್ರೆ ನನ್ನ ಕೆಲಸ ಕೆಟ್ಟಂಗೇ."

ವೆಂಡೆಲ್ ಬೆವರೊರೆಸಿಕೊಂಡ. ಪ್ಲಾಸ್ಟಿಕ್ ಮೈಯ ಹೊಸ ನಮೂನೆಯದೊಂದನ್ನು ತೋರಿಸಿದ. ಪೊಲೀಸರೆಲ್ಲ ಇದನ್ನೇ ಇಟ್ಟುಕೊಳ್ಳುತ್ತಾರೆ, ಹದಿನೇಳು ಗುಂಡು ಹಿಡಿಸುತ್ತದೆ, ಬೆಲೆಯೂ ಆರುನೂರು ಡಾಲರಿನ ಒಳಗೇ.

"ಗುಂಡಿನ ಮಾತು ಬಿಡು. ಹತ್ತಡಿ ದೂರದಿಂದ ಹೇಗೆ ಕಾಣುತ್ತೆ, ಅದನ್ನ ಹೇಳು."

ಹತ್ತಡಿ. ಮಂಚಕ್ಕೂ ಬಾಗಿಲಿಗೂ ಇರುವಷ್ಟು ದೂರ.

ಐದನೆಯದು ಫಿಲಿಪ್ಪೀನ್ಸ್‌ನಲ್ಲಿ ತಯಾರಾದ ಹಳೇ ಮಾದರಿಯ ಸೆಮಿ ಆಟೋಮ್ಯಾಟಿಕ್. ಪೂರ್ತಿ ಉಕ್ಕಿನದು, ಮರದ ಹಿಡಿ, ಬೆಲೆ ಐನೂರ ನಲವತ್ತು. ಕಾಗದದ ಮೇಲಿಟ್ಟರೆ ಪೆನ್ಸಿಲಿನ ಗೆರೆಯೇ ಕಾಣದಷ್ಟು ಸರಿಯಾಗಿ ಕೂತಿತು. ಆರ್ಡಿತ್ ಅದನ್ನು ಕೈಗೆತ್ತಿಕೊಂಡಳು. ಬೆರಳನ್ನು ಟ್ರಿಗರ್‌ಗೆ ತಾಗಿಸದೆ ನೆಟ್ಟಗಿಟ್ಟು, ಮೇಲಿನ ಸ್ಲೈಡನ್ನು ಸರಕ್ಕನೆ ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ನೋಡಿ, ಮತ್ತೆ ಕೆಳಗಿಟ್ಟಳು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕೈ ಚೆನ್ನಾಗಿ ಪಳಗಿತ್ತು.

"ಭಾರ ಇದೆ ಅಮ್ಮಾ, ಯೋಚನೆ ಮಾಡಿ."

"ಇರ್ಲಿ ಬಿಡು. ಹೊರೋಕೆ ಆರು ಜನ ಗಂಡಸರು ಬರ್ತಾರೆ."

ಆರು ಜನ! ಒಬ್ಬ ಮುದುಕನಿಗೆ ಆರು ಜನ! ವೆಂಡೆಲ್‌ಗೆ ಆ ಕಾಣದ ಮನುಷ್ಯನ ಮೇಲೆ ಕನಿಕರ ಉಕ್ಕಿಬಂತು.

"ಆಗಾಗ ಎಣ್ಣೆ ಹಾಕ್ತಿದ್ರೆ ಐವತ್ತು ವರ್ಷ ತುಕ್ಕು ಹಿಡಿಯಲ್ಲ," ಎಂದ, ಬಾಯಿಗೆ ಬಂದದ್ದನ್ನು.

"ಹಿಡಿದ್ರೆ ಹಿಡೀಲಿ. ನಾಳೆ ಎರಡು ಗಂಟೆಗೆ ಕೆಲಸ. ಮೂರಕ್ಕೆಲ್ಲ ಇದು ಮಣ್ಣೊಳಗೆ ಹೋಗಿರುತ್ತೆ. ಯಾರು ಅಗೆದು ನೋಡ್ತಾರೆ?"

ಪುರಾವೆ ಮುಚ್ಚುವ ಏರ್ಪಾಡೂ ಆಗಿದೆ! ವೆಂಡೆಲ್ ಸರ್ಕಾರದ ಅರ್ಜಿ ಮುಂದಿಟ್ಟ. ಪಿಸ್ತೂಲು ಯಾರಿಗೆ ಎಂಬ ಪ್ರಶ್ನೆಯ ಹತ್ತಿರ ಆರ್ಡಿತ್‌ಳ ಪೆನ್ನು ನಿಂತಿತು.

"ಇದು ಯಜಮಾನ್ರಿಗೆ. ಸುಳ್ಳು ಬರೆಯೋಕೆ ಬರಲ್ಲ ನನಗೆ."

"ಉಡುಗೊರೆ ಆದ್ರೆ ಅಡ್ಡಿಯಿಲ್ಲ."

"ಹಾಗಾದ್ರೆ ಉಡುಗೊರೇನೇ. ಕೊನೇ ಉಡುಗೊರೆ."

"ಅವರೇ ಬಂದು ಆರಿಸ್ಕೋಬಹುದಿತ್ತಲ್ಲಮ್ಮಾ?"

"ಮಲಗಿದಾರೆ."

"ನಿಮ್ಮಿಬ್ಬರ ನಡುವೆ ಜಗಳ ಗಿಗಳ?"

"ಐವತ್ತೊಂದು ವರ್ಷ ಆಡಿದ್ವಿ. ಭಾನುವಾರದಿಂದ ನಿಂತಿದೆ," ಎಂದು ಆರ್ಡಿತ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು.

ವೆಂಡೆಲ್‌ನ ಮೂರನೆಯ ಹೆಂಡತಿಯೂ ಒಮ್ಮೆ ಹೀಗೆಯೇ ಜಗಳ ನಿಲ್ಲಿಸಿ ಕಣ್ಣೊರೆಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಅವನ ಟ್ರಕ್ಕು ಕೆರೆಯಲ್ಲಿತ್ತು.

ಗಿರಾಕಿಯ ಪೂರ್ವಾಪರ ವಿಚಾರಿಸುವ ಕಚೇರಿಗೆ ಫೋನ್ ಮಾಡಿದ. ಏನಾದರೊಂದು ತಕರಾರು ಬರಲಿ ಎಂದು ದೇವರಿಗೆ ಕೈಮುಗಿದ. ಮೂರೇ ನಿಮಿಷದಲ್ಲಿ ಉತ್ತರ ಬಂತು: ಕೊಡಬಹುದು. ಆರ್ಡಿತ್ ಪರ್ಸು ತೆರೆದಳು. ವೆಂಡೆಲ್ ಪಿಸ್ತೂಲಿನ ಡಬ್ಬಿಯ ಮೇಲೆ ಎರಡೂ ಅಂಗೈ ಊರಿದ.

"ಕೊಡಲ್ಲಮ್ಮಾ. ಸರ್ಕಾರ ಹೂಂ ಅಂದ್ರೂ ನಾನು ಕೊಡಲ್ಲ. ಏನೇ ಮಾಡಿರ್ಲಿ, ಅವರದೂ ಒಂದು ಜೀವ. ಸಾಕಾದ್ರೆ ಬಿಟ್ಟು ಹೋಗಿ, ವಕೀಲರನ್ನ ನೋಡಿ. ನನ್ನನ್ನೂ ಮೂರು ಹೆಂಡತೀರು ಬಿಟ್ಟು ಹೋದ್ರು, ನಾನು ಬದುಕಿಲ್ವಾ?"

ಆರ್ಡಿತ್ ಅವನ ಮುಖವನ್ನೇ ನೋಡಿದಳು. ಏನೂ ಅರ್ಥವಾಗದವಳಂತೆ ನೋಡಿದಳು, ಆಮೇಲೆ ಎಲ್ಲ ಅರ್ಥವಾದವಳಂತೆ. ಕಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗಿಟ್ಟಳು.

"ನಮ್ಮೆಜಮಾನ್ರು ಭಾನುವಾರ ತೀರಿಕೊಂಡ್ರು ಮಗಾ. ಮನೇಲಿರೋ ಪಿಸ್ತೂಲನ್ನ ಕೈಲಿಟ್ಟೇ ಹೂಳ್ಬೇಕು ಅಂತ ಅವರಣ್ಣನ ಎದುರಿಗೇ ನನ್ನಿಂದ ಮಾತು ತಗೊಂಡಿದ್ರು," ಎಂದಳು. "ಅದರಲ್ಲಿ ಮೂವತ್ತು ವರ್ಷ ಗುರಿ ಹೊಡೆದು ಪಂದ್ಯ ಗೆದ್ದೋಳು ನಾನು. ಅವರನ್ನ ಬರಿಗೈಲಿ ಕಳಿಸೋಕೂ ಮನಸ್ಸಿಲ್ಲ, ಅದನ್ನ ಕೊಟ್ಟು ಕಳಿಸೋಕೂ ಮನಸ್ಸಿಲ್ಲ."