ಒಳಗಿರುವವರೇ, ಹೊರಗೆ ಬಂದು ನೋಡಿ

ಡ್ರಾಯಿಂಗ್ ಮೇಷ್ಟ್ರು ಭೂತಗನ್ನಡಿ ಹಿಡಿದು ಪೋಸ್ಟರಿನ ಮೂಲೆಮೂಲೆ ಹುಡುಕುತ್ತಿದ್ದರು. ಎದುರಿಗೆ ಕಡ್ಡಿ ಕೈಕಟ್ಟಿ ನಿಂತಿದ್ದಳು. ಒಂಬತ್ತನೇ ತರಗತಿಯ ಈ ಸಣಕಲು ಹುಡುಗಿಗೆ ಆ ಅಡ್ಡಹೆಸರಿಟ್ಟವರೂ ಅವರೇ.

"ಹೆಸರು ಎಲ್ಲಿ ಬಚ್ಚಿಟ್ಟಿದ್ದೀಯ?"

"ಎಲ್ಲೂ ಇಲ್ಲ ಸರ್."

"ಇಲ್ಲವಂತೆ!" ಚಿತ್ರದಲ್ಲಿದ್ದ ಗೋಡೆಯ ಬುಡದ ಮೂರನೇ ಇಟ್ಟಿಗೆಯೊಳಗೆ, ಇರುವೆಯಷ್ಟು ಸಣ್ಣಗೆ, ಅವಳ ಹೆಸರಿತ್ತು. ಮೇಷ್ಟ್ರು ಕಿಸಕ್ಕನೆ ನಕ್ಕು ಕುಂಚದ ತುದಿಯಿಂದ ಅದರ ಮೇಲೆ ಬಣ್ಣ ಬಳಿದರು. "ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಹೋದ ವರ್ಷದ್ದು ಮರೆತೋಯ್ತಾ?"

ಮರೆತಿರಲಿಲ್ಲ. ಹೋದ ವರ್ಷ ಅವಳ ಚಿತ್ರ ಮೇಷ್ಟ್ರ ಮಗಳ ಹೆಸರಿನಲ್ಲಿ ಬಹುಮಾನ ಗೆದ್ದಿತ್ತು. ಕಡ್ಡಿ ದೂರು ಕೊಟ್ಟಳು. ಯಾರೂ ನಂಬಲಿಲ್ಲ. ಇಡೀ ಶಾಲೆಯೆದುರು ನಿಂತು, "ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ" ಎಂದು ಮೇಷ್ಟ್ರ ಕ್ಷಮೆ ಕೇಳಬೇಕಾಯಿತು. ಅಂದಿನಿಂದ ಅವಳು ಏನು ಹೇಳಿದರೂ ಅಪ್ಪ "ನಿಜ ತಾನೇ?" ಎನ್ನುತ್ತಿದ್ದ. ಅವಳ ಹೊಟ್ಟೆ ಉರಿಸುತ್ತಿದ್ದದ್ದು ಅದು.

ಈ ಸಲದ ಸ್ಪರ್ಧೆಯ ವಿಷಯ, ಮನೆಗಳಲ್ಲಿ ಪೋಲಾಗುವ ನೀರು. ಕಡ್ಡಿ ಮೂರು ವಾರ ದಿನಾ ಬೆಳಗ್ಗೆ ಚಿಕ್ಕಮ್ಮನ ಅಡುಗೆಮನೆ ಕಿಟಕಿಯ ಬಳಿ ಕೂತು ಚಿತ್ರ ಬಿಡಿಸಿದ್ದಳು.

"ನಿಮ್ಮ ಮೇಷ್ಟ್ರು ಇದನ್ನೂ ನುಂಗಿ ನೀರು ಕುಡೀತಾರೆ, ನೋಡ್ತಿರು," ಎಂದಿದ್ದಳು ಚಿಕ್ಕಮ್ಮ.

"ಕುಡೀಲಿ ಬಿಡು ಚಿಕ್ಕಮ್ಮಾ."

ಪೋಸ್ಟರಿನಲ್ಲಿ ತಾರಸಿಯ ಮೇಲೊಂದು ಟ್ಯಾಂಕು ತುಂಬಿ ಸುರಿಯುತ್ತಿತ್ತು. ಸೋರುವ ಪೈಪಿಗೆ ಹಸಿರು ಚಿಂದಿ ಸುತ್ತಿತ್ತು. ಕಿಟಕಿ ಬಾಗಿಲಿಲ್ಲದ ಬೋಳು ಗೋಡೆಯುದ್ದಕ್ಕೂ ನೀರಿಳಿದು ಪಾಚಿ ಕಟ್ಟಿತ್ತು. ಕೆಳಗೆ ಇಕ್ಕಟ್ಟಾದ ಓಣಿಯಲ್ಲಿ ಖಾಲಿ ಕೊಡಗಳ ಸಾಲು. ಮೇಲೆ ದಪ್ಪ ಅಕ್ಷರಗಳಲ್ಲಿ: 'ಒಳಗಿರುವವರೇ, ಹೊರಗೆ ಬಂದು ನೋಡಿ!'

"ಪಾಚಿಯಂತೂ ಮುಟ್ಟಿದ್ರೆ ಕೈ ಜಾರೋ ಹಾಗಿದೆ," ಎನ್ನುತ್ತಾ ಮೇಷ್ಟ್ರು ಕೆಳಗೆ ಮಗಳ ಹೆಸರು ಬರೆದರು. "ಮತ್ತೆ ದೂರು ಗೀರು ಅಂತ ಹೋಗ್ತೀಯೇನು?"

"ಇಲ್ಲ ಸರ್. ಚಿತ್ರದಲ್ಲಿ ಒಂದು ಗೆರೆನೂ ಬದಲಾಯಿಸ್ಬೇಡಿ, ಅಷ್ಟು ಸಾಕು."

ಹುಡುಗಿ ಹಾದಿಗೆ ಬಂದಳು ಎಂದು ಮೇಷ್ಟ್ರು ಹಿಗ್ಗಿದರು.

ಪೋಸ್ಟರಿಗೆ ಮೊದಲ ಬಹುಮಾನ ಬಂತು. ನೀರು ಸರಬರಾಜು ಕಚೇರಿಯವರು ಮುನ್ನೂರು ಪ್ರತಿ ಅಚ್ಚು ಹಾಕಿಸಿದರು. ಮೇಷ್ಟ್ರು ತಾವೇ ಅಂಟಿನ ಡಬ್ಬ ಹಿಡಿದು ಅಂಗಡಿ ಅಂಗಡಿಗೆ ಅಂಟಿಸಿ ಬಂದರು.

ಬಹುಮಾನ ವಿತರಣೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಕಡ್ಡಿ ಹಟ ಹಿಡಿದು ಅಪ್ಪನನ್ನೂ ಚಿಕ್ಕಮ್ಮನನ್ನೂ ಕರೆತಂದಿದ್ದಳು. ವೇದಿಕೆಯ ಮೇಲೆ ಮೇಷ್ಟ್ರ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿ ಕಡ್ಡಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಮೇಷ್ಟ್ರು ಕಂಡರು. ಅಯ್ಯೋ ಅನ್ನಿಸಿದ್ದು ಹೋಯಿತು.

"ಇದು ಕಲ್ಪನೆಯೋ, ಕಂಡದ್ದೋ?" ಎಂದು ಕಚೇರಿಯ ಇಂಜಿನಿಯರ್ ಮೇಷ್ಟ್ರ ಮಗಳನ್ನು ಕೇಳಿದರು.

ಅವಳು ಅಪ್ಪನ ಮುಖ ನೋಡಿದಳು.

"ಕಣ್ಣಾರೆ ಕಂಡದ್ದು ಸರ್!" ಮೇಷ್ಟ್ರು ಮೈಕಿಗೆ ಬಾಯಿ ಹಾಕಿದರು. "ನನ್ನ ಮಗಳು ತಿಂಗಳುಗಟ್ಟಲೆ ನೋಡಿ ಬರೆದದ್ದು. ಒಂದು ಗೆರೆಯೂ ಸುಳ್ಳಲ್ಲ."

"ಹಾಗಾದ್ರೆ ಇಂಥ ಮನೆ ಇದೆ ಅಂತಾಯ್ತು. ಇವತ್ತೇ ನಲ್ಲಿ ಸಂಪರ್ಕ ಕಡಿಸ್ತೀನಿ."

"ಕಡಿಸಲೇಬೇಕು ಸರ್! ಅಂಥವರ ಮಾನ ನಾಲ್ಕು ಜನರೆದುರು ಹೋಗ್ಬೇಕು."

ಜೋರು ಚಪ್ಪಾಳೆ.

"ಯಾರ ಮನೆ ಇದು?" ಇಂಜಿನಿಯರ್ ಸಭೆಯತ್ತ ತಿರುಗಿದರು. "ಗೊತ್ತಿದ್ದವರು ಹೇಳಿ."

ಕಡ್ಡಿಯ ಪಕ್ಕದಿಂದ ಚಿಕ್ಕಮ್ಮ ಎದ್ದು ನಿಂತಳು.

"ಮೇಷ್ಟ್ರಿಗೆ ಗುರುತು ಸಿಗದೇ ಇದ್ರೆ ಅವರ ತಪ್ಪಲ್ಲ ಸರ್, ಅವರ ಮನೆಗೆ ಹಿಂಬಾಗಿಲೇ ಇಲ್ಲ, ಆ ಗೋಡೆ ದಿನಾ ಕಾಣೋದು ನಮ್ಮ ಅಡುಗೆಮನೆ ಕಿಟಕಿಗೆ."