ಬೇವಿಲ್ಲದ ಯುಗಾದಿ

"ಹಬ್ಬ ಬಿಟ್ಟರೆ ಮಗಳು ಇನ್ನಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ. ಮಾಡು," ಎಂದು ಗಂಡ ಹಿಂದಿನ ದಿನವೇ ಹೇಳಿಬಿಟ್ಟಿದ್ದ.

ಮೂವರೂ ಪ್ರವಾಸ ಬಂದು ಪರದೇಶದ ಆ ಬೆಟ್ಟದ ಬುಡದಲ್ಲಿ ಡೇರೆ ಹಾಕಿದ್ದರು. ಐದು ದಿನದ ಹಿಂದೆ ಬೆಟ್ಟ ಹತ್ತಿದ ಮೈನಾ, ಹಿಮ ಕುಸಿದ ಮೇಲೆ ಇಳಿದು ಬಂದಿರಲಿಲ್ಲ. ಇವರನ್ನು ಬಿಟ್ಟುಹೋಗಲು ಮನಸ್ಸಾಗದೆ ಅಕ್ಕಪಕ್ಕದ ಡೇರೆಯವರೂ ಅಲ್ಲೇ ಉಳಿದಿದ್ದರು.

ವನಮಾಲ ಬೆಳಿಗ್ಗೆಯೇ ತಲೆಗೆ ಎರೆದುಕೊಂಡಳು. ಬೇವು ಎಲ್ಲಿಂದ ಬರಬೇಕು? ಕಾಫಿಪುಡಿಗೆ ಜೇನು ಕಲಸಿ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟಳು.

"ಹಬ್ಬದ ದಿನವೂ ಕಹಿ ತಿನ್ನಿಸ್ತೀಯಲ್ಲ ಬೇಟಿ!" ಪಕ್ಕದ ಡೇರೆಯ ಪಂಜಾಬಿ ಮುದುಕ ಮುಖ ಹಿಂಡಿದ.

"ಸಿಹಿನೂ ಇದೆ ಬಾಬಾಜಿ, ಸ್ವಲ್ಪ ತಡೀರಿ, ಆಮೇಲೆ ಗೊತ್ತಾಗುತ್ತೆ."

ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು. ಮೈನಾಳ ಪಾಲನ್ನು ಅವಳದೇ ಲೋಟದಲ್ಲಿ ಮುಚ್ಚಿಟ್ಟಳು.

ರಕ್ಷಣಾ ತಂಡದವರು ಕರೆದರೆಂದು ಹೋಗಿದ್ದ ಗಂಡ ಆಗ ಬಂದ. ಅವಳು ಬಟ್ಟಲು ಚಾಚಿದಳು.

"ತಗೊಳ್ಳಿ, ನೀವು ಬರಲಿ ಅಂತ ನಾನಿನ್ನೂ ಬಾಯಿಗೆ ಹಾಕಿಲ್ಲ."

ಅವನು ಬಟ್ಟಲನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಕೆಳಗಿಟ್ಟ.

"ಈ ವರ್ಷ ನಮಗೆ ಹಬ್ಬ ಇಲ್ಲ ಕಣೇ."